ಕೆನಡಾದಲ್ಲಿ ಜಿಐಎಸ್ ಡಿಗ್ರಿ: ಯಾವ ಬಾಗಿಲಿಂದ ಒಳಗೆ ಹೋಗುವುದು?

ಜಿಐಎಸ್ ಅಂದರೆ ಜಾಗದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ನಕ್ಷೆಯಾಗಿ ಇಟ್ಟು ಅಳೆದು ನೋಡುವ ವಿದ್ಯೆ. ಕೆನಡಾದ ಯೂನಿವರ್ಸಿಟಿಗಳ ಪಟ್ಟಿಯಲ್ಲಿ 'ಜಿಐಎಸ್' ಅಂತ ಹುಡುಕಿದರೆ ಆ ಹೆಸರಿನ ಡಿಗ್ರಿ ಸಿಗುವುದು ಕಡಿಮೆ. ಹಾಗಂತ ಓದಿಗೆ ಕೊರತೆ ಇಲ್ಲ. ಒಂದೇ ಓದು ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ಫ್ಯಾಕಲ್ಟಿಗಳಲ್ಲಿ ಹಂಚಿಹೋಗಿದೆ. ಒಂದು ಕಡೆ ಜಿಯೋಮ್ಯಾಟಿಕ್ಸ್ (ನೆಲದ ಅಳತೆ ಮತ್ತು ನಕ್ಷೆಯ ವಿದ್ಯೆ), ಇನ್ನೊಂದು ಕಡೆ ಜಿಯಾಗ್ರಫಿಕ್ ಅನಾಲಿಸಿಸ್, ಮತ್ತೊಂದು ಕಡೆ ಜಿಯೋಮ್ಯಾಟಿಕ್ಸ್ ಎಂಜಿನಿಯರಿಂಗ್. ಹೆಸರು ನೋಡಿ ಸೇರಿಬಿಟ್ಟರೆ ನಾಲ್ಕು ವರ್ಷ ಆದಮೇಲೆ "ಇದರಲ್ಲಿ ಸರ್ವೆ ಲೈಸೆನ್ಸ್ ಸಿಗಲ್ವಾ?" ಅಂತ ಕೇಳುವ ಪರಿಸ್ಥಿತಿ ಬರುತ್ತದೆ. ಮಗನೋ ಮಗಳೋ ಹನ್ನೊಂದನೇ ಗ್ರೇಡಿನಲ್ಲಿರುವಾಗಲೇ ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಅಂದಹಾಗೆ ಈ ವಿದ್ಯೆಯ ತವರುಮನೆ ಇದೇ ದೇಶ. 1960ರ ದಶಕದಲ್ಲಿ ಕೆನಡಾ ಸರ್ಕಾರಕ್ಕೆ ತನ್ನ ನೆಲದ ಲೆಕ್ಕ ಬೇಕಿತ್ತು. ಯಾವುದು ಬೇಸಾಯಕ್ಕೆ, ಯಾವುದು ಕಾಡಿಗೆ, ಯಾವುದು ವನ್ಯಜೀವಿಗಳಿಗೆ ಅಂತ. ಅಷ್ಟು ನಕ್ಷೆಗಳನ್ನು ಕೈಯಲ್ಲಿ ಒಂದರ ಮೇಲೊಂದು ಇಟ್ಟು ಅಳೆಯುವುದು ಆಗದ ಮಾತು. ಆಗ ರೋಜರ್ ಟಾಮ್ಲಿನ್ಸನ್ ಎಂಬ ಭೂಗೋಳ ತಜ್ಞರು ಇದನ್ನು ಕಂಪ್ಯೂಟರಿಗೆ ಕೊಡೋಣ ಅಂದರು. ಹಾಗೆ ಹುಟ್ಟಿದ್ದು ಕೆನಡಾ ಜಿಯಾಗ್ರಫಿಕ್ ಇನ್ಫರ್ಮೇಶನ್ ಸಿಸ್ಟಮ್. ಜಿಐಎಸ್ ಎಂಬ ಹೆಸರೂ ಅಲ್ಲಿಂದಲೇ ಬಂತು.

ಮೊದಲ ಬಾಗಿಲು ಭೂಗೋಳದ್ದು. ವಾಟರ್‌ಲೂ ಯೂನಿವರ್ಸಿಟಿಯ ಜಿಯೋಮ್ಯಾಟಿಕ್ಸ್ ಇರುವುದು ಎನ್ವಿರಾನ್‌ಮೆಂಟ್ ಫ್ಯಾಕಲ್ಟಿಯಲ್ಲಿ. ಡಿಗ್ರಿ ಸರ್ಟಿಫಿಕೇಟಿನಲ್ಲಿ 'ಬ್ಯಾಚುಲರ್ ಆಫ್ ಎನ್ವಿರಾನ್‌ಮೆಂಟಲ್ ಸ್ಟಡೀಸ್' ಅಂತ ಬರೆದಿರುತ್ತದೆ. ಅದನ್ನು ನೋಡಿದ ಊರಿನ ನೆಂಟರು "ಗಿಡಮರದ ಬಗ್ಗೆ ಓದಿದ್ದಾ?" ಅಂತ ಕೇಳಿಯಾರು, ಕೇಳಲಿ ಬಿಡಿ. ಒಳಗೆ ಇರುವುದು ಗಣಿತ, ಪ್ರೋಗ್ರಾಮಿಂಗ್, ಡೇಟಾಬೇಸ್, ಉಪಗ್ರಹ ಚಿತ್ರಗಳ ವಿಶ್ಲೇಷಣೆ. ಟೊರೊಂಟೋ ಮೆಟ್ರೊಪಾಲಿಟನ್ ಯೂನಿವರ್ಸಿಟಿಯ ಜಿಯಾಗ್ರಫಿಕ್ ಅನಾಲಿಸಿಸ್ ಬಿ.ಎ. ಪದವಿ. ಅಂಗಡಿ ಎಲ್ಲಿ ತೆರೆಯಬೇಕು, ಬಸ್ಸು ಯಾವ ದಾರಿಯಲ್ಲಿ ಹೋಗಬೇಕು ಎಂಬಂಥ ಊರಿನ ಪ್ರಶ್ನೆಗಳ ಕಡೆ ಅದರ ಒಲವು ಜಾಸ್ತಿ.

ಎರಡನೆಯದು ಕಂಪ್ಯೂಟರ್ ಬಾಗಿಲು. ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿರುವ ಸೈಮನ್ ಫ್ರೇಸರ್ ಯೂನಿವರ್ಸಿಟಿಯಲ್ಲಿ ಜಿಯಾಗ್ರಫಿಕ್ ಇನ್ಫರ್ಮೇಶನ್ ಸೈನ್ಸ್ ಎಂಬ ಹೆಸರಿನಲ್ಲೇ ಬಿ.ಎಸ್ಸಿ. ಇದೆ. ಭೂಗೋಳ ವಿಭಾಗ ಮತ್ತು ಕಂಪ್ಯೂಟಿಂಗ್ ಸೈನ್ಸ್ ವಿಭಾಗ ಸೇರಿ ನಡೆಸುತ್ತವೆ. ಕೋಡ್ ಬರೆಯುವುದು ಇಷ್ಟ, ಆದರೆ ಬರೀ ಕಂಪ್ಯೂಟರ್ ಸೈನ್ಸ್ ಬೇಡ ಅನ್ನುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಮೂರನೆಯದು ಎಂಜಿನಿಯರಿಂಗ್. ಕ್ಯಾಲ್ಗರಿ, ಫ್ರೆಡರಿಕ್ಟನ್‌ನ ನ್ಯೂ ಬ್ರನ್ಸ್‌ವಿಕ್, ಟೊರೊಂಟೋದ ಯಾರ್ಕ್ ಯೂನಿವರ್ಸಿಟಿಗಳು ಈ ದಾರಿಯಲ್ಲಿ ಹೆಸರು ಮಾಡಿದವು. ಅಳತೆ, ಜಿಯೋಡೆಸಿ (ಭೂಮಿಯ ಆಕಾರದ ಲೆಕ್ಕ), ಜಿಪಿಎಸ್ ಸಿಗ್ನಲ್, ಗಡಿ ಕಾನೂನು ಇಲ್ಲಿನ ಮುಖ್ಯ ಪಾಠಗಳು. ಮಾನ್ಯತೆ ಇರುವ ಎಂಜಿನಿಯರಿಂಗ್ ಡಿಗ್ರಿ ಆದ್ದರಿಂದ ಕೆಲಸದ ಅನುಭವ ಸೇರಿದ ಮೇಲೆ 'ಪಿ.ಎಂಜ್.' ಅಂದರೆ ವೃತ್ತಿಪರ ಎಂಜಿನಿಯರ್ ಲೈಸೆನ್ಸಿಗೆ ಹೋಗಬಹುದು.

ಇದಲ್ಲದೆ ಪಾಲಿಟೆಕ್ನಿಕ್ ದಾರಿಯೂ ಇದೆ. ಬ್ರಿಟಿಷ್ ಕೊಲಂಬಿಯಾದ ಬಿಸಿಐಟಿಯಲ್ಲಿ ಎರಡು ವರ್ಷದ ಡಿಪ್ಲೊಮಾ ಮುಗಿಸಿ ಜಿಯೋಮ್ಯಾಟಿಕ್ಸ್ ಬಿ.ಎಸ್ಸಿ.ಗೆ ಏರಬಹುದು. ನೋವಾ ಸ್ಕೋಷಿಯಾದ ಲಾರೆನ್ಸ್‌ಟೌನ್‌ನಲ್ಲಿ ಬರೀ ಇದಕ್ಕೇ ಅಂತ ಒಂದು ಹಳೆಯ ಕಾಲೇಜು ಕೇಂದ್ರವಿದೆ. ನಮ್ಮವರು 'ಕಾಲೇಜು' ಅಂದ ಕೂಡಲೇ ಮೂಗು ಮುರಿಯುತ್ತಾರೆ. ಆದರೆ ಕೈಕೆಲಸ ಚೆನ್ನಾಗಿ ಕಲಿಸುವುದು ಇಂಥ ಕಡೆಯೇ.

ಈಗ ಲೈಸೆನ್ಸ್ ವಿಷಯ. ಇಲ್ಲಿ ಎಡವಿದರೆ ಸರಿಪಡಿಸಿಕೊಳ್ಳಲು ವರ್ಷಗಳೇ ಬೇಕು. ಜಿಐಎಸ್ ಅನಲಿಸ್ಟ್ ಆಗಲು ಕೆನಡಾದಲ್ಲಿ ಯಾವ ಲೈಸೆನ್ಸೂ ಬೇಡ. ಆದರೆ ಜಮೀನಿನ ಗಡಿ ಗುರುತಿಸಿ ಸಹಿ ಹಾಕುವ ಹಕ್ಕು ಇರುವುದು ಲೈಸೆನ್ಸ್ ಇರುವ ಸರ್ವೆಯರ್‌ಗೆ ಮಾತ್ರ. ಒಂಟಾರಿಯೋದಲ್ಲಿ ಅವರನ್ನು ಒಂಟಾರಿಯೋ ಲ್ಯಾಂಡ್ ಸರ್ವೆಯರ್ ಅನ್ನುತ್ತಾರೆ. ಡಿಗ್ರಿ ಆದಮೇಲೆ ಹಿರಿಯ ಸರ್ವೆಯರ್ ಕೈಕೆಳಗೆ ಆರ್ಟಿಕಲಿಂಗ್ ಮಾಡಬೇಕು, ಪರೀಕ್ಷೆ ಬರೆಯಬೇಕು. ನಮ್ಮಲ್ಲಿ ಸಿ.ಎ. ಓದುವವರು ಮಾಡುವ ಹಾಗೆಯೇ. ಸರ್ವೆಯರ್‌ಗಳ ಸಂಘ ಕೇಳುವ ಕೋರ್ಸುಗಳಲ್ಲಿ ಹೆಚ್ಚಿನವು ಎಂಜಿನಿಯರಿಂಗ್ ಬಾಗಿಲಿನಲ್ಲಿವೆ. ಭೂಗೋಳದ ಬಾಗಿಲಿಂದ ಹೋದವರು ಆಮೇಲೆ ಒಂದಷ್ಟು ಕೋರ್ಸು ಸೇರಿಸಿಕೊಳ್ಳಬೇಕು. ಹಾಗಾಗಿ ಸೀಟು ಒಪ್ಪಿಕೊಳ್ಳುವ ಮುಂಚೆಯೇ ನಿಮ್ಮ ಪ್ರಾಂತ್ಯದ ಸರ್ವೆಯರ್ ಸಂಘಕ್ಕೆ ಕೋರ್ಸ್ ಪಟ್ಟಿ ಕಳಿಸಿ ಕೇಳಿ.

ಅಳತೆಯ ಮಾತು ಬಂತಲ್ಲ, ಒಂದು ಸ್ವಾರಸ್ಯ. ಹಳೆಯ ಒಂಟಾರಿಯೋದಲ್ಲಿ ರಸ್ತೆಗೆ ಅಂತ ಬಿಟ್ಟ ಜಾಗ 66 ಅಡಿ ಅಗಲ. ಅದು ಸರ್ವೆಯವರ ಒಂದು ಚೈನಿನ ಉದ್ದ. ನಮ್ಮ ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಅರ್ಧ ಚೈನಿಗೆ ಅರ್ಧ ಚೈನು. ಕ್ರಿಕೆಟ್ ಪಿಚ್ಚಿನ 22 ಗಜವೂ ಅದೇ ಚೈನು. ಪಹಣಿಯಲ್ಲಿ ಎಕರೆ ಗುಂಟೆ ಓದಿ ಬೆಳೆದವರಿಗೆ ಇಲ್ಲಿನ ಹಳೆಯ ಸರ್ವೆ ನಕ್ಷೆ ಅಷ್ಟೇನೂ ಪರಕೀಯ ಅಲ್ಲ.

ತರಗತಿಯಲ್ಲಿ ಮೊದಲ ವರ್ಷವೇ ತಲೆ ತಿನ್ನುವುದು ಭೂಮಿಯ ಆಕಾರ. ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್84 ಎಂಬ ಲೆಕ್ಕದಲ್ಲಿ ಜಾಗ ಹೇಳುತ್ತದೆ. ಕೆನಡಾದ ಸರ್ಕಾರಿ ನಕ್ಷೆಗಳು ಎನ್‌ಎಡಿ83ರಲ್ಲಿ ಇರುತ್ತವೆ. ಎರಡರ ನಡುವೆ ಒಂದೆರಡು ಮೀಟರ್ ವ್ಯತ್ಯಾಸ. ಊರು ಹುಡುಕುವವರಿಗೆ ಅದು ಲೆಕ್ಕಕ್ಕಿಲ್ಲ, ಬೇಲಿ ಹಾಕುವವರಿಗೆ ಮಾತ್ರ ಅಕ್ಕಪಕ್ಕದವರ ಜೊತೆ ಜಗಳ. ಆಮೇಲೆ ಪೈಥಾನ್, ಎಸ್‌ಕ್ಯೂಎಲ್, ಸ್ಟ್ಯಾಟಿಸ್ಟಿಕ್ಸ್, ಆರ್ಕ್‌ಜಿಐಎಸ್, ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ಗಳು ಬರುತ್ತವೆ. ಗಣಿತ ತಪ್ಪಿಸಿಕೊಳ್ಳಲು ಭೂಗೋಳ ಸೇರುತ್ತೇನೆ ಅನ್ನುವ ಮಕ್ಕಳಿಗೆ ಈಗಲೇ ಹೇಳಿಬಿಡಿ: ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಒಂಟಾರಿಯೋದಲ್ಲಿ ಓದುವ ಮಕ್ಕಳು ಹನ್ನೆರಡನೇ ಗ್ರೇಡಿನಲ್ಲಿ ಅಡ್ವಾನ್ಸ್ಡ್ ಫಂಕ್ಷನ್ಸ್, ಕ್ಯಾಲ್ಕುಲಸ್, ಇಂಗ್ಲಿಷ್ ಇಟ್ಟುಕೊಂಡರೆ ಹೆಚ್ಚು ಕಡಿಮೆ ಎಲ್ಲ ದಾರಿಯೂ ತೆರೆದಿರುತ್ತದೆ. ಎಂಜಿನಿಯರಿಂಗ್ ಬೇಕಾದರೆ ಫಿಸಿಕ್ಸ್, ಕೆಮಿಸ್ಟ್ರಿ ಕೂಡ ಇರಲಿ. ಶಾಲೆಯಲ್ಲಿ 'ಸ್ಪೇಷಿಯಲ್ ಟೆಕ್ನಾಲಜೀಸ್ ಇನ್ ಆ್ಯಕ್ಷನ್' ಎಂಬ ಕೋರ್ಸ್ ಇದ್ದರೆ ತೆಗೆದುಕೊಳ್ಳಲಿ, ಇಷ್ಟವಾಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅರ್ಜಿ ಹೋಗುವುದು ಓಯುಎಸಿ ಎಂಬ ಕೇಂದ್ರದ ಮೂಲಕ, ಜನವರಿ ಮಧ್ಯದ ಗಡುವು ಮರೆಯಬೇಡಿ.

ದುಡ್ಡಿನ ಮಾತು. ಮಗುವಿನ ಹೆಸರಲ್ಲಿ ಆರ್‌ಇಎಸ್‌ಪಿ ಎಂಬ ಓದಿನ ಉಳಿತಾಯ ಖಾತೆ ಇದ್ದರೆ ವರ್ಷಕ್ಕೆ ಹಾಕುವ ಮೊದಲ 2,500 ಡಾಲರ್‌ಗೆ ಸರ್ಕಾರ ಶೇ. 20, ಅಂದರೆ 500 ಡಾಲರ್ ಸೇರಿಸುತ್ತದೆ. ಈ ಸಹಾಯಧನದ ಒಟ್ಟು ಮಿತಿ 7,200 ಡಾಲರ್. ದೊಡ್ಡ ಮಕ್ಕಳನ್ನು ಕರೆದುಕೊಂಡು ಹೊಸದಾಗಿ ಬಂದ ಕುಟುಂಬಗಳು ಇದನ್ನು ಗಮನಿಸಬೇಕು. ಮಗುವಿಗೆ 15 ತುಂಬುವ ವರ್ಷದ ಕೊನೆಯೊಳಗೆ ಖಾತೆಗೆ ಕನಿಷ್ಠ 2,000 ಡಾಲರ್ ಹಾಕಿರಬೇಕು, ಇಲ್ಲವೇ ಅದಕ್ಕೂ ಮುಂಚೆ ಯಾವುದಾದರೂ ನಾಲ್ಕು ವರ್ಷ ತಲಾ 100 ಡಾಲರ್ ಹಾಕಿರಬೇಕು. ಎರಡೂ ಇಲ್ಲದಿದ್ದರೆ 16, 17ನೇ ವರ್ಷಕ್ಕೆ ಆ ಸಹಾಯಧನ ಸಿಗುವುದಿಲ್ಲ. ಒಂಟಾರಿಯೋದ ಓಸ್ಯಾಪ್ ಸಾಲ ಮತ್ತು ನೆರವು ಪಿಆರ್ (ಕಾಯಂ ನಿವಾಸಿ), ಸಿಟಿಜನ್ ಮತ್ತು ಆಶ್ರಯ ಪಡೆದವರಿಗೆ ಮಾತ್ರ.

ಊರಿಂದ ಅಕ್ಕನ ಮಗನೋ ತಮ್ಮನ ಮಗಳೋ ಪಿಯುಸಿ ಮುಗಿಸಿ ಬರುವುದಾದರೆ ಲೆಕ್ಕವೇ ಬೇರೆ. ಫೀಸು ಇಲ್ಲಿನವರ ಹಲವು ಪಟ್ಟು. ಅದರ ಮೇಲೆ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕುವಾಗ ಬದುಕುವ ಖರ್ಚಿಗೆ ಒಬ್ಬರಿಗೆ 22,895 ಡಾಲರ್ ತೋರಿಸಬೇಕು. 2025ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಮೊತ್ತ ಇದು, ಕ್ವಿಬೆಕ್‌ಗೆ ಬೇರೆ ಲೆಕ್ಕ. ಪ್ರಾಂತ್ಯದಿಂದ ಅಟೆಸ್ಟೇಶನ್ ಪತ್ರ ಬೇಕು. ತರಗತಿ ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ಕೆಲಸ. ಓದು ಮುಗಿದ ಮೇಲಿನ ವರ್ಕ್ ಪರ್ಮಿಟ್‌ಗೆ ಕಾಲೇಜು ಡಿಪ್ಲೊಮಾದವರು ಇಂತಿಂಥ ವಿಷಯವೇ ಓದಿರಬೇಕು ಎಂಬ ನಿಯಮ 2024ರ ನವೆಂಬರ್‌ನಲ್ಲಿ ಬಂತು. ಬ್ಯಾಚುಲರ್ ಡಿಗ್ರಿಗೆ ಆ ಕಟ್ಟುಪಾಡಿಲ್ಲ. ಏಜೆಂಟ್ ಅಗ್ಗದ ಡಿಪ್ಲೊಮಾ ತೋರಿಸಿದಾಗ ಇದನ್ನು ನೆನಪಿಟ್ಟುಕೊಂಡು ಪ್ರಶ್ನೆ ಕೇಳಿ.

ಕೋ-ಆಪ್ ಇದ್ದರೆ ಬಿಡಬೇಡಿ. ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಸಂಬಳದ ಕೆಲಸ. ಡಿಗ್ರಿ ಐದು ವರ್ಷದ ಹತ್ತಿರ ಎಳೆಯುತ್ತದೆ, ಎಳೆಯಲಿ. ಇಲ್ಲಿ ಈ ಓದಿನವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ನಗರಸಭೆಗಳು, ಕರೆಂಟು ಕಂಪನಿಗಳು, ಅರಣ್ಯ ಇಲಾಖೆಗಳು, ಕನ್ಸರ್ವೇಶನ್ ಅಥಾರಿಟಿಗಳು. ಅಲ್ಲಿ ಒಂದು ಟರ್ಮ್ ಕೆಲಸ ಮಾಡಿದವರ ಮುಖ ಪರಿಚಯ ಇರುತ್ತದೆ. ಒಕ್ಕೂಟ ಸರ್ಕಾರದ ಕೆಲಸಗಳಲ್ಲಿ ಸಿಟಿಜನ್ ಮತ್ತು ಪಿಆರ್‌ಗೆ ಆದ್ಯತೆ ಅನ್ನುವುದೂ ಗೊತ್ತಿರಲಿ.

ಸಂದರ್ಶನದಲ್ಲಿ ಮಾಡಿದ ನಕ್ಷೆ ತೋರಿಸಿ ಅನ್ನುತ್ತಾರೆ. ಅದಕ್ಕೆ ಡಿಗ್ರಿ ಮುಗಿಯುವವರೆಗೆ ಕಾಯಬೇಕಿಲ್ಲ. ಟೊರೊಂಟೋ ನಗರದ ಮುಕ್ತ ಡೇಟಾ ಬಿಟ್ಟಿ ಸಿಗುತ್ತದೆ, ಕ್ಯೂಜಿಐಎಸ್ ಕೂಡ ಬಿಟ್ಟಿ. ಇಲ್ಲವೇ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಎಲ್ಲರೂ ಸೇರಿ ತಿದ್ದುವ ನಕ್ಷೆ ತೆರೆದು ಅಜ್ಜಿಯ ಊರು ಹುಡುಕಲಿ. ಕೆರೆಗೆ ಹೆಸರು ಇಲ್ಲದಿದ್ದರೆ ಹಾಕಲಿ. ಅಲ್ಲಿ ಕನ್ನಡದ ಹೆಸರಿಗೆ ಬೇರೆಯೇ ಜಾಗ ಇದೆ. ಕೆರೆಯ ಹೆಸರು ಸರಿಯೋ ತಪ್ಪೋ ಅಂತ ಕೇಳಲು ಅಜ್ಜಿಗೆ ಒಂದು ಫೋನ್ ಮಾಡಬೇಕಾಗುತ್ತದೆ ಅಷ್ಟೇ.