ಕ್ರಯಪತ್ರ ಟೈಪಿಂಗ್‌ಗೆ ಚುಟುಕು ಕೋಡ್ ಕಟ್ಟುವುದು ಹೇಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಪತ್ರ ಟೈಪ್ ಮಾಡುವವರು ದಿನವಿಡೀ ಹೊಡೆಯುವ ಸಾಲು: ‘ದಾವಣಗೆರೆ ತಾಲ್ಲೂಕು, ದಾವಣಗೆರೆ ಜಿಲ್ಲೆ’. ನುಡಿ ಕೀಲಿಮಣೆಯಲ್ಲಿ, ಶಿಫ್ಟ್ ಬಿಟ್ಟು, ಇದಕ್ಕೆ 34 ಒತ್ತು ಬೇಕು. ವರ್ಡ್‌ನ ಆಟೋಕರೆಕ್ಟ್‌ನಲ್ಲಿ (ಹೊಡೆದ ಕೋಡನ್ನು ತಾನೇ ಪೂರ್ತಿ ಸಾಲಾಗಿ ಬದಲಿಸುವ ಸೌಲಭ್ಯ) ಮೂರಕ್ಷರದ ಕೋಡ್ ಕೊಟ್ಟರೆ ಸ್ಪೇಸ್ ಸೇರಿ ನಾಲ್ಕೇ ಒತ್ತು. ತೊಡಕಿರುವುದು ಆ ಮೂರಕ್ಷರ ಆರಿಸುವುದರಲ್ಲಿ.

ಕೋಡ್ ನಿಜವಾದ ಪದವಾಗಿರಬಾರದು. ಹೊಸದುರ್ಗಕ್ಕೆ ‘ಹೊಸ’ ಎಂದು ಕೊಟ್ಟರೆ ‘ಹೊಸ ಮನೆ’ ಎಂದು ಹೊಡೆದಾಗ ಮನೆಯ ಹಿಂದೆ ಇಡೀ ತಾಲ್ಲೂಕು ಬಂದು ಕೂರುತ್ತದೆ. ಇದಕ್ಕೆ ಸುಲಭದ ಉಪಾಯವಿದೆ: ಕನ್ನಡದಲ್ಲಿ ಯಾವ ಪದವೂ ‘ಳ’ದಿಂದ ಶುರುವಾಗುವುದಿಲ್ಲ. ಎಲ್ಲ ಕೋಡ್‌ಗೂ ಮುಂದೆ ‘ಳ’ ಇಡಿ. ಶಿಫ್ಟ್ ಹಿಡಿದು ಎಲ್ ಒತ್ತಬೇಕು, ಅಷ್ಟು ಖರ್ಚು ಇದ್ದದ್ದೇ.

ಮುಂದಿನ ಎರಡಕ್ಷರಕ್ಕೆ ಒಂದೇ ನಿಯಮ ಇಟ್ಟುಕೊಳ್ಳಿ, ಇಲ್ಲವಾದರೆ ಪಟ್ಟಿ ಬಾಯಿಪಾಠ ಮಾಡಬೇಕಾಗುತ್ತದೆ. ಬರೀ ಮೊದಲಕ್ಷರ ಹಿಡಿದರೆ ನಮ್ಮ ಕಡೆ ನಡೆಯುವುದಿಲ್ಲ: ಹರಿಹರ, ಹೊನ್ನಾಳಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಎಲ್ಲಾ ‘ಹ’. ಊರ ಹೆಸರಿನ ಮೊದಲ ವ್ಯಂಜನ, ಆಮೇಲೆ ಕೊನೆಯ ತುಂಡಿನ ಮೊದಲ ವ್ಯಂಜನ ತೆಗೆದುಕೊಂಡರೆ ಬಿಡಿಬಿಡಿಯಾಗುತ್ತವೆ: ಹೊಸದುರ್ಗ ಳಹದ, ಹೊಳಲ್ಕೆರೆ ಳಹಕ, ಹಿರಿಯೂರು ಳಹಯ, ಚಿತ್ರದುರ್ಗ ಳಚದ, ಚಳ್ಳಕೆರೆ ಳಚಕ, ಚನ್ನಗಿರಿ ಳಚಗ, ದಾವಣಗೆರೆ ಳದಗ. ಹರಿಹರಕ್ಕೂ ಹರಪನಹಳ್ಳಿಗೂ ಮಾತ್ರ ‘ಳಹಹ’ ಬರುತ್ತದೆ. ಹರಪನಹಳ್ಳಿಯನ್ನು ‘ಳಹಪ’ ಮಾಡಿ.

ವಿಭಕ್ತಿಯನ್ನು ಮರೆತರೆ ಉಳಿಸಿದ ಒತ್ತೆಲ್ಲ ಬ್ಯಾಕ್‌ಸ್ಪೇಸ್‌ಗೆ ಹೋಗುತ್ತದೆ. ನಾಲ್ಕನೆಯ ಅಕ್ಷರವನ್ನು ಅದಕ್ಕೇ ಬಿಡಿ: ಳಚದ ಹೊಡೆದರೆ ಸಾಲಿನ ಕೊನೆ ‘ಜಿಲ್ಲೆ’, ಳಚದಯ ‘ಜಿಲ್ಲೆಯ’, ಳಚದಗ ‘ಜಿಲ್ಲೆಗೆ’, ಳಚದಲ ‘ಜಿಲ್ಲೆಯಲ್ಲಿ’. ವರ್ಡ್ ಸ್ಪೇಸ್ ಅಥವಾ ವಿರಾಮಚಿಹ್ನೆ ಬರುವವರೆಗೆ ಕಾಯುವುದರಿಂದ ಚಿಕ್ಕ ಕೋಡ್ ದೊಡ್ಡದರ ದಾರಿಗೆ ಅಡ್ಡ ಬರುವುದಿಲ್ಲ.

ನಿಯಮವನ್ನು ಬೇಕೆಂದೇ ಮುರಿಯಬೇಕಾದ ಜಾಗ ಒಂದಿದೆ. ‘ಬರೆದುಕೊಟ್ಟವರು’, ‘ಬರೆಸಿಕೊಂಡವರು’ ಎರಡಕ್ಕೂ ನಿಯಮದ ಪ್ರಕಾರ ‘ಳಬಕ’. ಕೊಟ್ಟವರಿಗೆ ಳಟಟ, ಕೊಂಡವರಿಗೆ ಳಡಡ ಎಂದು ಬೇರೆ ಮಾಡೋಣವೆಂದರೆ ನುಡಿಯಲ್ಲಿ ಟ, ಡ ಅಕ್ಕಪಕ್ಕದ ಕೀಲಿ (ಕ್ಯು, ಡಬ್ಲ್ಯು). ಬೆರಳು ಒಂದು ಮನೆ ಜಾರಿದರೆ ಮಾರಿದವರು ಕೊಂಡವರಾಗುತ್ತಾರೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಪ್ರೂಫ್ ಓದುವಾಗಲೂ ಕಣ್ಣಿಗೆ ಬೀಳುವುದಿಲ್ಲ. ಕೊಟ್ಟವರಿಗೆ ಳಟಟ ಇರಲಿ, ಕೊಂಡವರಿಗೆ ಳಸಕ ಕೊಡಿ. ಸರ್ವೆ ನಂಬರ್, ವಿಸ್ತೀರ್ಣ, ಮೊಬಲಗು, ಚೆಕ್ಕುಬಂದಿ (ಆಸ್ತಿಯ ನಾಲ್ಕು ದಿಕ್ಕಿನ ಗಡಿ) ಇವು ಪತ್ರದಿಂದ ಪತ್ರಕ್ಕೆ ಬದಲಾಗುತ್ತವೆ, ಇವನ್ನು ಎಂದೂ ಕೋಡ್‌ಗೆ ಹಾಕಬೇಡಿ.

ಸೇರಿಸುವುದು: ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್. ‘ರಿಪ್ಲೇಸ್’ನಲ್ಲಿ ಕೋಡ್, ‘ವಿತ್’ನಲ್ಲಿ ಪೂರ್ತಿ ಸಾಲು, ಆಮೇಲೆ ‘ಆಡ್’. ಬೇಡದ ಕಡೆ ಬಿಚ್ಚಿಕೊಂಡರೆ ಕಂಟ್ರೋಲ್ ಝಡ್ ಒಮ್ಮೆ ಒತ್ತಿ. ಆಟೋಕರೆಕ್ಟ್ ಒಂದು ಕೋಡ್‌ಗೆ 255 ಅಕ್ಷರವಷ್ಟೇ ಹಿಡಿಯುತ್ತದೆ; ಅದನ್ನು ಮೀರುವ ಷರತ್ತುಗಳನ್ನು ವರ್ಡ್‌ನಲ್ಲೇ ಸಿದ್ಧ ತುಣುಕು ಇಡುವ ಜಾಗವಾದ ಕ್ವಿಕ್ ಪಾರ್ಟ್ಸ್‌ನಲ್ಲಿಟ್ಟು ಎಫ್ 3ರಿಂದ ಕರೆಯಿರಿ. ಕಾಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲವೂ ಲೆಕ್ಕಕ್ಕೆ ಬರುವುದರಿಂದ 255 ಬೇಗ ಮುಗಿಯುತ್ತದೆ.

ಸೇರಿಸಿದರೂ ಕೋಡ್ ಬಿಚ್ಚದಿದ್ದರೆ ಮೊದಲು ಭಾಷೆ ನೋಡಿ. ಆಟೋಕರೆಕ್ಟ್ ಪಟ್ಟಿ ಭಾಷೆಗೊಂದು ಇರುತ್ತದೆ. ಇಂಗ್ಲಿಷ್ ಪಟ್ಟಿಗೆ ಸೇರಿದ್ದು ಕನ್ನಡದಲ್ಲಿ ಕೆಲಸ ಮಾಡುವುದಿಲ್ಲ. ಯೂನಿಕೋಡ್‌ನಲ್ಲಿ ಮಾಡಿದ ಕೋಡ್ ಹಳೇ ನುಡಿ ಫಾಂಟ್‌ನ ಕಡತದಲ್ಲೂ ನಡೆಯುವುದಿಲ್ಲ, ಅಲ್ಲಿಗೆ ಬೇರೆ ಪಟ್ಟಿಯೇ ಬೇಕು.

ವರ್ಷಕ್ಕೊಮ್ಮೆಯಾದರೂ ಬಿಚ್ಚಿದ ಸಾಲುಗಳನ್ನೆಲ್ಲ ಓದಿ. ಹರಪನಹಳ್ಳಿ 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹಳೆಯ ಕೋಡ್ ಇದ್ದರೆ ಅದು ಇವತ್ತಿಗೂ ತೆಪ್ಪಗೆ ‘ದಾವಣಗೆರೆ ಜಿಲ್ಲೆ’ ಎಂದೇ ಅಚ್ಚು ಹಾಕುತ್ತದೆ.