ವಿಶೇಷ ಡಿವಿಡೆಂಡ್ ಬಂದಾಗ ನಾನು ಯೂನಿಟ್ ಬೆಲೆಯನ್ನು ನೋಡುವ ಬಗೆ

ರಿಯಲ್ ಎಸ್ಟೇಟ್ ಟ್ರಸ್ಟ್ (ಹೂಡಿಕೆದಾರರ ಹಣದಲ್ಲಿ ಕಟ್ಟಡಗಳನ್ನು ಕೊಂಡು, ಬಾಡಿಗೆಯನ್ನು ಅವರಿಗೆ ಹಂಚುವ ಸಂಸ್ಥೆ) ಒಂದು ಕಟ್ಟಡ ಮಾರಿ, ಬಂದ ಹಣವನ್ನು ವಿಶೇಷ ಡಿವಿಡೆಂಡ್ ಆಗಿ ಹಂಚುತ್ತೇವೆ ಅಂದ ಕೂಡಲೇ ನಾನು ಲೆಕ್ಕಕ್ಕೆ ಕೂರುತ್ತೇನೆ. ಕೈಗೆ ಎಷ್ಟು ಬರುತ್ತದೆ ಅನ್ನುವುದು ಘೋಷಣೆಯಲ್ಲೇ ಇರುತ್ತದೆ. ಹಣ ಹೊರಗೆ ಹೋದ ಮೇಲೆ ಟ್ರಸ್ಟಿನಲ್ಲಿ ಏನು ಉಳಿಯುತ್ತದೆ ಅನ್ನುವುದನ್ನು ನಾವೇ ಕಂಡುಕೊಳ್ಳಬೇಕು.

ಯೂನಿಟ್, ಅಂದರೆ ಷೇರಿನ ಹಾಗೆ ಟ್ರಸ್ಟಿನ ಒಂದು ಪಾಲು, ಅದರ ಬೆಲೆ 100 ಅಂತಿಟ್ಟುಕೊಳ್ಳಿ. ಸಾಲ ಕಳೆದು ಒಂದು ಯೂನಿಟ್‌ಗೆ ಸೇರುವ ಆಸ್ತಿ, ಅಂದರೆ ಎನ್‌ಎವಿ, 120. ವಿಶೇಷ ಡಿವಿಡೆಂಡ್ 20. ಎಕ್ಸ್-ಡೇಟ್ ದಿನ ಬೆಲೆ 80ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಇದು ನಷ್ಟವಲ್ಲ. ಅವತ್ತು ಕೊಳ್ಳುವವರಿಗೆ ಆ 20 ಸಿಗುವುದಿಲ್ಲ, ಹಾಗಾಗಿ ಅವರು 100 ಕೊಡುವುದೂ ಇಲ್ಲ.

ಹಾಗಂತ ಸರಿಯಾಗಿ 20 ಇಳಿಯಲೇಬೇಕು ಅಂತೇನಿಲ್ಲ. ನನಗೆ ಬಹಳ ಇಷ್ಟವಾಗುವ ಭಾಗ ಇದು. 120ರ ಆಸ್ತಿಗೆ ಮಾರುಕಟ್ಟೆ 100 ಮಾತ್ರ ಕೊಡುತ್ತಿತ್ತು, ಅಲ್ವಾ? ಅದರಲ್ಲಿ 20 ನಗದಾಗಿ ಕೈಗೆ ಬಂದರೆ ಅದರ ಬೆಲೆ ಪೂರ್ತಿ 20. ಉಳಿದ 100ರ ಆಸ್ತಿಗೆ ಮೊದಲಿನಷ್ಟೇ ಡಿಸ್ಕೌಂಟ್ ಉಳಿದರೆ ಬೆಲೆ ಸುಮಾರು 83. ನಗದು ಸೇರಿಸಿದರೆ 103. ಘೋಷಣೆಯಾದ ಕೂಡಲೇ ಬೆಲೆ ಒಂಚೂರು ಏರುವುದಕ್ಕೆ ಇದೂ ಒಂದು ಕಾರಣ. ಕಟ್ಟಡ ಲೆಕ್ಕಪತ್ರದಲ್ಲಿದ್ದ ಮೌಲ್ಯಕ್ಕಿಂತ ಜಾಸ್ತಿಗೆ ಮಾರಾಟವಾಗಿದ್ದರೆ ಎನ್‌ಎವಿ ಮೇಲೆ ನಂಬಿಕೆಯೂ ಹೆಚ್ಚುತ್ತದೆ.

ಆಮೇಲೆ ಸಾಲ. ಸಾಲ ಕಳೆಯುವ ಮೊದಲು ಯೂನಿಟ್‌ಗೆ ಆಸ್ತಿ 160, ಸಾಲ 40 ಇದ್ದರೆ ಸಾಲದ ಪಾಲು 25%. ಕಟ್ಟಡ ಮಾರಿದ 20 ಪೂರ್ತಿ ಹಂಚಿದರೆ ಆಸ್ತಿ 140ಕ್ಕೆ ಇಳಿಯುತ್ತದೆ, ಸಾಲ 40 ಹಾಗೇ ಇರುತ್ತದೆ. ಪಾಲು 28%ಕ್ಕೂ ಮೇಲೆ ಹೋಯಿತು. ಬಡ್ಡಿ ದರ ಏರುತ್ತಿರುವಾಗ, ಸ್ವಲ್ಪ ಹಣವನ್ನಾದರೂ ಸಾಲ ತೀರಿಸಲು ಬಳಸುವ ಟ್ರಸ್ಟೇ ನನಗೆ ಮೇಲು.

ವೆಬ್‌ಸೈಟ್‌ಗಳು ತೋರಿಸುವ ಯೀಲ್ಡ್ (ವರ್ಷದ ಹಂಚಿಕೆ ಬೆಲೆಯ ಶೇಕಡಾ ಎಷ್ಟು ಅನ್ನುವುದು) ನೋಡಿ ಸುಮ್ನೆ ಖುಷಿಪಡಬೇಡಿ. ವರ್ಷದ ಮಾಮೂಲಿ ಹಂಚಿಕೆ 6 ಇದ್ದರೆ, 20 ಸೇರಿ 26 ಆಗುತ್ತದೆ. 80ರ ಬೆಲೆಗೆ ಅದು 32.5%! ಮಾರಿದ ಕಟ್ಟಡದ ಬಾಡಿಗೆಯಿಂದ 1 ಬರುತ್ತಿದ್ದರೆ ಮುಂದೆ ಸಿಗುವುದು 5, ಅಂದರೆ 6.25%. ನಾನು ನಂಬುವುದು ಈ ಅಂಕಿಯನ್ನು.

ಕೆನಡಾದ ಕೆಲವು ಟ್ರಸ್ಟ್‌ಗಳು ವಿಶೇಷ ಹಂಚಿಕೆಯನ್ನು ಹೊಸ ಯೂನಿಟ್‌ಗಳಲ್ಲಿ ಕೊಟ್ಟು, ತಕ್ಷಣ ಯೂನಿಟ್‌ಗಳನ್ನು ಒಟ್ಟುಗೂಡಿಸುತ್ತವೆ. ಯೂನಿಟ್ ಸಂಖ್ಯೆ ಮೊದಲಿನಷ್ಟೇ, ನಗದೂ ಇಲ್ಲ, ಬೆಲೆಯೂ ಇಳಿಯುವುದಿಲ್ಲ. ಆದರೂ ಆ ಹಂಚಿಕೆಗೆ ತೆರಿಗೆ ಬೀಳಬಹುದು. ಅಂಥ ಮೊತ್ತವನ್ನು ಖರೀದಿ ವೆಚ್ಚಕ್ಕೆ ಸೇರಿಸಿ ಬರೆದಿಡಿ. ಇಲ್ಲದಿದ್ದರೆ ಯೂನಿಟ್ ಮಾರುವಾಗ ಅದೇ ಲಾಭಕ್ಕೆ ಎರಡನೇ ಸಲ ತೆರಿಗೆ ಕಟ್ಟಬೇಕಾಗುತ್ತದೆ.