ಮೆಡಿಕಲ್ ರಿಪೋರ್ಟ್ ಕಳಿಸುವ ಮೊದಲು ನಾನು ಮಾಡುವುದು

ಮನೆಯವರ ರಿಪೋರ್ಟನ್ನು ಯಾರಿಗೆ ಕಳಿಸುತ್ತಿದ್ದೇನೆ ಎನ್ನುವುದರ ಮೇಲೆ ಏನು ಅಳಿಸಬೇಕೆಂದು ತೀರ್ಮಾನಿಸುತ್ತೇನೆ. ಚಿಕಿತ್ಸೆ ಕೊಡುವ ಡಾಕ್ಟರಿಗಾದರೆ ಹೆಸರು, ವಯಸ್ಸು, ತಾರೀಖು ಇರಲೇಬೇಕು. ಹೆಸರಿಲ್ಲದ ರಿಪೋರ್ಟು ಇನ್ನೊಬ್ಬರ ಫೈಲಿಗೆ ಸೇರಿದರೆ ಔಷಧಿಯೇ ತಪ್ಪಬಹುದು. ಅಲ್ಲಿ ಭದ್ರವಾಗಿರಬೇಕಾದದ್ದು ಕಳಿಸುವ ದಾರಿ. ವಾಟ್ಸಾಪ್ ಗುಂಪಿನಲ್ಲಿ ಸಲಹೆ ಕೇಳುವುದಾದರೆ ವಯಸ್ಸು, ಗಂಡೋ ಹೆಣ್ಣೋ, ಫಲಿತಾಂಶ, ಯೂನಿಟ್, ನಾರ್ಮಲ್ ರೇಂಜ್ ಸಾಕು.

ಹೆಚ್ಚಿನವರು ಎಡವುವುದು ಹೆಸರು ಮುಚ್ಚುವಾಗ. ಮೊಬೈಲಿನ ಹೈಲೈಟರ್ ಅರೆಪಾರದರ್ಶಕ; ಬ್ರೈಟ್‌ನೆಸ್, ಕಾಂಟ್ರಾಸ್ಟ್ ಏರಿಸಿದರೆ ಅಡಿಯ ಅಕ್ಷರ ಎದ್ದು ಕಾಣಬಹುದು. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೂ ಅಕ್ಷರಗಳು ಕೆಳಗೆ ಹಾಗೇ ಇರುತ್ತವೆ, ಕಾಪಿ-ಪೇಸ್ಟ್ ಮಾಡಿದರೆ ಹೊರಬರುತ್ತವೆ. ಹಾಗಾಗಿ ನಾನು ಏನನ್ನೂ ಮುಚ್ಚುವುದಿಲ್ಲ. ಫಲಿತಾಂಶದ ಭಾಗವನ್ನಷ್ಟೇ ಕತ್ತರಿಸಿ, ಆ ಕತ್ತರಿಸಿದ ಚಿತ್ರದ್ದೇ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸುತ್ತೇನೆ. ಇನ್ನೊಂದು ಸ್ಕ್ರೀನ್‌ಶಾಟ್ ಏಕೆಂದರೆ, ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಕತ್ತರಿಸಿ ತೆಗೆದ ಭಾಗವನ್ನೂ ಮರಳಿ ಪಡೆಯಬಹುದಾದ ದೋಷವೊಂದು 2023ರಲ್ಲಿ ಬಯಲಾಗಿತ್ತು. ಮೂಲೆಯ ಕ್ಯೂಆರ್ ಕೋಡನ್ನು ಮರೆಯಬೇಡಿ, ಕೆಲವು ಲ್ಯಾಬ್‌ಗಳಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಹೆಸರಿನ ಸಮೇತ ಪೂರ್ತಿ ರಿಪೋರ್ಟೇ ತೆರೆದುಕೊಳ್ಳುತ್ತದೆ.

ಸಿಟಿ, ಎಂಆರ್‌ಐ ಸಿಡಿಯಲ್ಲಿರುವುದು ಡೈಕಾಮ್ ಫೈಲುಗಳು, ಅಂದರೆ ಸ್ಕ್ಯಾನ್ ಚಿತ್ರಗಳನ್ನು ರೋಗಿಯ ವಿವರಗಳ ಸಮೇತ ಇಡುವ ಫೈಲುಗಳು. ಒಂದೊಂದು ಫೈಲಿನ ಒಳಗೂ ಹೆಸರು, ಹುಟ್ಟಿದ ದಿನ, ರೋಗಿಯ ಸಂಖ್ಯೆ ಬರೆದಿರುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೆ ಅದು ಹೋಗುವುದಿಲ್ಲ. ಡೈಕಾಮ್‌ಕ್ಲೀನರ್ ಎಂಬ ಉಚಿತ ಸಾಫ್ಟ್‌ವೇರಿನಿಂದ ತೆಗೆಯಬಹುದು. ಅಲ್ಟ್ರಾಸೌಂಡಿನಲ್ಲಿ ಹೆಸರು ಚಿತ್ರದಲ್ಲೇ ಅಚ್ಚಾಗಿರುತ್ತದಾದ್ದರಿಂದ ಆ ಅಂಚನ್ನು ಬೇರೆಯಾಗಿ ಕಪ್ಪಾಗಿಸಬೇಕು.

ಡಾಕ್ಟರಿಗೆ ಕಳಿಸುವ ಪಿಡಿಎಫ್‌ಗೆ ಲಿಬ್ರೆಆಫೀಸ್ ಡ್ರಾ ಎಂಬ ಸಾಫ್ಟ್‌ವೇರಿನಲ್ಲಿ ಪಾಸ್‌ವರ್ಡ್ ಹಾಕುತ್ತೇನೆ. ಫೋನ್ ನಂಬರ್, ಹುಟ್ಟಿದ ದಿನ ಬೇಡವೇ ಬೇಡ, ನೆಂಟರೂ ಊಹಿಸಿಬಿಡುತ್ತಾರೆ. ಪಾಸ್‌ವರ್ಡನ್ನು ಅದೇ ಚಾಟ್‌ನಲ್ಲಿ ಬರೆಯದೆ ಕರೆ ಮಾಡಿ ಹೇಳುತ್ತೇನೆ. ನಂಬರ್ ಡಾಕ್ಟರದ್ದೇ ಎಂಬುದೂ ಆಗಲೇ ಖಾತ್ರಿಯಾಗುತ್ತದೆ. ಫೈಲಿನ ಹೆಸರಿನಲ್ಲಿ ಕಾಯಿಲೆಯ ಹೆಸರಿರಬಾರದು, ಪಾಸ್‌ವರ್ಡ್ ಅದನ್ನು ಮುಚ್ಚುವುದಿಲ್ಲ. ಎಚ್‌ಐವಿ ಇರುವವರ ಗೋಪ್ಯತೆಗೆ 2017ರ ಕಾಯ್ದೆಯ ರಕ್ಷಣೆ ಇದೆ ನಿಜ, ಆದರೆ ಫೈಲಿನ ಹೆಸರು ಗುಟ್ಟು ಬಿಟ್ಟುಕೊಟ್ಟ ಮೇಲೆ ಕಾಯ್ದೆ ಅದನ್ನು ವಾಪಸ್ ತರಲಾರದು.

ವಾಟ್ಸಾಪ್ ಸಂದೇಶ ದಾರಿಯಲ್ಲಿ ಸುರಕ್ಷಿತ. ಸೋರುವುದು ತಲುಪಿದ ಮೇಲೆ: ಗ್ಯಾಲರಿಯಲ್ಲೊಂದು ಪ್ರತಿ, ಅಲ್ಲಿಂದ ಗೂಗಲ್ ಫೋಟೋಸ್‌ಗೆ ಇನ್ನೊಂದು, ಚಾಟ್ ಬ್ಯಾಕಪ್ಪಿನಲ್ಲಿ ಮತ್ತೊಂದು. ನನ್ನ ಫೋನಿನಲ್ಲಿ ಆ ಚಾಟ್‌ನ ಮೀಡಿಯಾ ವಿಸಿಬಿಲಿಟಿ (ಚಿತ್ರಗಳನ್ನು ಗ್ಯಾಲರಿಯಲ್ಲಿ ತೋರಿಸುವ ಆಯ್ಕೆ) ಆಫ್ ಮಾಡಿ, ಸೆಟ್ಟಿಂಗ್ಸ್‌ನ ಚಾಟ್ ಬ್ಯಾಕಪ್‌ನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದಂತೆ ಬೀಗ ಹಾಕುವ ವ್ಯವಸ್ಥೆ) ಆನ್ ಮಾಡುತ್ತೇನೆ. ಗೂಗಲ್ ಡ್ರೈವ್ ಲಿಂಕ್ ಆದರೆ ಡಾಕ್ಟರ ಇಮೇಲಿಗೆ ಮಾತ್ರ ಅನುಮತಿ, ನೋಡಿದ ಮೇಲೆ ಅದೂ ರದ್ದು. ಅಷ್ಟರಲ್ಲಿ ಡೌನ್‌ಲೋಡ್ ಆದದ್ದು ಮಾತ್ರ ನಮ್ಮ ಕೈ ಮೀರಿದ್ದು.

ಮೂಲ ಪ್ರತಿಗಳು ಎನ್‌ಕ್ರಿಪ್ಟ್ ಮಾಡಿದ ಪೆನ್‌ಡ್ರೈವಿನಲ್ಲಿ ನನ್ನ ಬಳಿಯೇ ಇರುತ್ತವೆ. ಆಸ್ಪತ್ರೆಯ ಪ್ರತಿಯನ್ನೇ ನಂಬಿ ಕೂರಲಾಗದು: 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರುಗಳ ಮೇಲೆ ಸೈಬರ್ ದಾಳಿಯಾದಾಗ ಆಸ್ಪತ್ರೆ ಹಲವು ದಿನ ಕಾಗದ-ಪೆನ್ನಿನಲ್ಲೇ ಕೆಲಸ ನಡೆಸಬೇಕಾಯಿತು.

14 ಅಂಕಿಯ ಆಭಾ ಸಂಖ್ಯೆ (ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆಯ ಸಂಖ್ಯೆ) ಇದ್ದವರಿಗೆ, ಆಸ್ಪತ್ರೆ ಅವರ ದಾಖಲೆ ಕೇಳಿದಾಗ, ಆ್ಯಪ್‌ನಲ್ಲಿ ಸಮ್ಮತಿಯ ಕೋರಿಕೆ ಬರುತ್ತದೆ. ಕಣ್ಣುಮುಚ್ಚಿ ಒಪ್ಪಬೇಡಿ. ಯಾವ ಬಗೆಯ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಸಮ್ಮತಿ ಎಂದು ಮುಗಿಯುತ್ತದೆ, ಈ ಮೂರನ್ನೂ ಅಲ್ಲೇ ತಿದ್ದಬಹುದು. ಮೊಣಕಾಲು ನೋವಿಗೆ ಹೋದವರ ಹಳೆಯ ಮನೋವೈದ್ಯರ ಚೀಟಿ ಆ ಆಸ್ಪತ್ರೆಗೆ ಬೇಕಿಲ್ಲ.